ಎಲೆಯೊಳಗಿನ ಅತಿಥಿ: ಒಂದು ಅಡಿಟಿಪ್ಪಣಿಯ 92 ವರ್ಷ

ಕ್ಲೋರೋಪ್ಲಾಸ್ಟ್ ಬಗ್ಗೆ ಮಾಡಿದ ವಿಡಿಯೋದ ಬರಹ ರೂಪ ಇದು. ಮಾತಾಡುವಾಗ ಅವಸರದಲ್ಲಿ ಹಾರಿಸಿಬಿಟ್ಟ ಒಂದೆರಡು ಭಾಗಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಅಡುಗೆಮನೆಯಿಂದ ಶುರು ಮಾಡೋಣ. ಮಸಾಲೆ ಡಬ್ಬಿಯಲ್ಲಿ ಕಲ್ಲುಹೂವು ಇದೆಯಾ ನೋಡಿ. ಮುಂಬೈ, ಪುಣೆಯಲ್ಲಿರೋರು ಅಂಗಡಿಯಲ್ಲಿ ದಗಡ್ ಫೂಲ್ ಅಂತ ಕೇಳಿ ತಂದಿರ್ತೀರಿ. ಅದು ಹೂವಲ್ಲ. ಗಿಡವೂ ಅಲ್ಲ. ಒಂದು ಶಿಲೀಂಧ್ರ ಮತ್ತು ಒಂದು ಪಾಚಿ ಒಟ್ಟಿಗೆ ಸಂಸಾರ ಮಾಡಿಕೊಂಡು ಒಂದೇ ಜೀವಿಯ ಹಾಗೆ ಕಾಣ್ತಿರೋದು. 1860ರ ದಶಕದ ಕೊನೆಯಲ್ಲಿ ಸ್ವಿಸ್ ವಿಜ್ಞಾನಿ ಸಿಮೋನ್ ಶ್ವೆಂಡೆನರ್ ಈ ಮಾತು ಹೇಳಿದಾಗ ಕಲ್ಲುಹೂವಿನ ತಜ್ಞರೇ ಸಿಟ್ಟಾದರು. ತಾವು ಜೀವಮಾನವಿಡೀ ಹೆಸರಿಟ್ಟು, ವಿಂಗಡಿಸಿ ಜೋಡಿಸಿದ ಜೀವಿಗಳು ಒಂದೊಂದೂ ಎರಡೆರಡು ಅಂದರೆ ಯಾರಿಗೆ ತಾನೆ ಸಿಟ್ಟು ಬರಲ್ಲ? ಆದರೆ ಸ್ಟ್ರಾಸ್‌ಬರ್ಗ್‌ನಲ್ಲಿ ಪಾಠ ಮಾಡ್ತಿದ್ದ ಆಂಟನ್ ಡಿ ಬಾರಿ ಇದನ್ನು ಗಂಭೀರವಾಗಿ ತೆಗೆದುಕೊಂಡರು. ಬೇರೆ ಬೇರೆ ಜಾತಿಯ ಜೀವಿಗಳು ಹೀಗೆ ಕೂಡಿ ಬಾಳುವುದಕ್ಕೆ 'ಸಿಂಬಯೋಸಿಸ್' ಅನ್ನೋ ಪದವನ್ನು 1879ರಲ್ಲಿ ಚಾಲ್ತಿಗೆ ತಂದವರು ಅವರೇ. ನಾವು ಸಹಜೀವನ ಅಂತೀವಲ್ಲ, ಅದು.

ಡಿ ಬಾರಿಯವರ ಕೈಕೆಳಗೆ ಓದಿದ ಹುಡುಗರಲ್ಲಿ ಒಬ್ಬರು ಆಂಡ್ರಿಯಾಸ್ ಶಿಂಪರ್. 1883ರಲ್ಲಿ, ಇನ್ನೂ ಚಿಕ್ಕ ವಯಸ್ಸು, ಜರ್ಮನ್ ಸಸ್ಯಶಾಸ್ತ್ರ ಪತ್ರಿಕೆಯೊಂದರಲ್ಲಿ ಎಲೆಯ ಹಸಿರು ಕಣಗಳ ಬಗ್ಗೆ ಲೇಖನ ಬರೆದರು. ಆ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಜನ ಮೊದಲೇ ನೋಡಿದ್ದರು. ಅವು ಎಲ್ಲಿಂದ ಬರ್ತವೆ ಅನ್ನೋದು ಶಿಂಪರ್ ಪ್ರಶ್ನೆ. ಜೀವಕೋಶ ತನ್ನ ರಸದಿಂದ ಹೊಸದಾಗಿ ಅವನ್ನು ಮಾಡಿಕೊಳ್ಳುತ್ತಾ? ಶಿಂಪರ್ ಕಂಡುಕೊಂಡ ಉತ್ತರ, ಇಲ್ಲ. ಪ್ರತಿ ಕಣವೂ ಹಿಂದಿನ ಕಣ ಎರಡಾಗಿ ಒಡೆದು ಬಂದದ್ದು. ಲೇಖನದ ಮುಖ್ಯ ಫಲಿತಾಂಶ ಇಷ್ಟೇ.

ಪುಟದ ಕೆಳಗೆ ಒಂದು ಅಡಿಟಿಪ್ಪಣಿ ಹಾಕಿದರು. ಈ ಕಣಗಳು ಅಂಡಕೋಶದಲ್ಲೂ ಹೊಸದಾಗಿ ಹುಟ್ಟುವುದಿಲ್ಲ ಅಂತ ಖಚಿತವಾದರೆ, ಗಿಡಕ್ಕೂ ಅವಕ್ಕೂ ಇರುವ ನಂಟು ಸಹಜೀವನವನ್ನೇ ನೆನಪಿಸುತ್ತೆ. ಹಸಿರು ಗಿಡಗಳು ಬಣ್ಣವಿಲ್ಲದ ಒಂದು ಜೀವಿ ಮತ್ತು ಹಸಿರಾದ ಇನ್ನೊಂದು ಜೀವಿ ಸೇರಿ ಆಗಿದ್ದರೂ ಆಗಿರಬಹುದು ಅನ್ನೋದು ಅದರ ಸಾರಾಂಶ. ಅಷ್ಟು ಬರೆದು ಮೇಲಿನ ವಿಷಯಕ್ಕೆ ವಾಪಸ್ ಹೋಗಿಬಿಟ್ಟರು. ಹಳೇ ಕೋಡ್ ತೆರೆದಾಗ ಯಾರೋ ಹತ್ತು ವರ್ಷದ ಹಿಂದೆ "ಇದು ಬಹುಶಃ ಬೇರೆ ಕಡೆಯಿಂದ ಬಂದದ್ದು, ನೋಡಬೇಕು" ಅಂತ ಕಾಮೆಂಟ್ ಹಾಕಿ ಎದ್ದುಹೋಗಿರ್ತಾರಲ್ಲ, ಥೇಟ್ ಹಾಗೆ.

ಆ ಅಡಿಟಿಪ್ಪಣಿ ಸರಿ ಅಂತ ಗಟ್ಟಿಯಾಗಿ ಹೇಳೋಕೆ ಆಧಾರ ಸಿಕ್ಕಿದ್ದು 1975ರಲ್ಲಿ. 92 ವರ್ಷ. ಈ ನಡುವಿನ ಕಾಲವನ್ನು ಎಲ್ಲರೂ ಒಂದೇ ಧಾಟಿಯಲ್ಲಿ ಹೇಳ್ತಾರೆ: ಕೆಲವರು ಸತ್ಯ ಹೇಳಿದರು, ಲೋಕ ನಕ್ಕಿತು, ಕೊನೆಗೆ ತಲೆಬಾಗಿತು. ನಾನೂ ಸ್ನೇಹಿತರಿಗೆ ಹಾಗೇ ಹೇಳ್ತಿದ್ದೆ. ಈಗ ಆ ಧಾಟಿ ನನಗೆ ಒಪ್ಪಿಗೆಯಾಗ್ತಿಲ್ಲ. "ದೊಡ್ಡ ದೊಡ್ಡ ವಿಜ್ಞಾನಿಗಳನ್ನೂ ಮೊದಲು ನಕ್ಕಿದ್ದರು ಸಾರ್" ಅನ್ನೋ ಸಾಲು ಇವತ್ತು ವಾಟ್ಸಾಪ್‌ನಲ್ಲಿ ಯಾವ ಯಾವ ಔಷಧಿಗೆ, ಯಾವ ಯಾವ ಯಂತ್ರಕ್ಕೆ ಜೊತೆಯಾಗಿ ಬರುತ್ತೆ ಅಂತ ನಿಮಗೂ ಗೊತ್ತು. ಅದಕ್ಕೇ ಈ ಕಥೆಯನ್ನು ಇಸವಿ ಹಿಡಿದು ನಿಧಾನವಾಗಿ ನೋಡೋಣ.

ಅದಕ್ಕೆ ಮುಂಚೆ, ಈ ಹಸಿರು ಕಣ ಮಾಡೋ ಕೆಲಸ ಏನು? ಶಿಂಪರ್ ಲೇಖನಕ್ಕೆ ಸ್ವಲ್ಪ ಮೊದಲು, 1880ರ ದಶಕದ ಆರಂಭದಲ್ಲೇ, ಥಿಯೋಡೋರ್ ಎಂಗೆಲ್‌ಮಾನ್ ಒಂದು ಸೊಗಸಾದ ಪ್ರಯೋಗ ಮಾಡಿದ್ದರು. ಆಮ್ಲಜನಕ ಎಲ್ಲಿದೆಯೋ ಅಲ್ಲಿಗೆ ಈಜಿಹೋಗುವ ಬ್ಯಾಕ್ಟೀರಿಯಗಳನ್ನು ಪಾಚಿಯ ಎಳೆಯ ಜೊತೆ ಗಾಜಿನ ಮೇಲೆ ಬಿಟ್ಟರು. ಬೆಳಕು ಹಸಿರು ಭಾಗದ ಮೇಲೆ ಬಿದ್ದಾಗ ಬ್ಯಾಕ್ಟೀರಿಯಗಳು ಅಲ್ಲಿಗೇ ಮುತ್ತಿಕೊಂಡವು. ಪಟ್ಟಕದಿಂದ ಬೆಳಕನ್ನು ಬಣ್ಣಗಳಾಗಿ ಒಡೆದು ಬಿಟ್ಟಾಗ ಕೆಂಪು ಮತ್ತು ನೀಲಿ ಬಿದ್ದ ಜಾಗದಲ್ಲಿ ಗುಂಪು ದಟ್ಟವಾಯಿತು, ಹಸಿರು ಬಿದ್ದ ಕಡೆ ತೆಳುವಾಯಿತು. ಮೀಟರ್ ಇಲ್ಲದ ಕಾಲದಲ್ಲಿ ಜೀವಂತ ಬ್ಯಾಕ್ಟೀರಿಯಗಳನ್ನೇ ಮೀಟರ್ ಮಾಡಿಕೊಂಡದ್ದು ನನಗೆ ಬಹಳ ಇಷ್ಟವಾದ ಭಾಗ.

ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಕ್ಲೋರೋಪ್ಲಾಸ್ಟ್ ಒಂದು ಪುಟ್ಟ ಜಲವಿದ್ಯುತ್ ಕೇಂದ್ರ ಇದ್ದ ಹಾಗೆ. ಒಳಗೆ ನಾಣ್ಯ ಪೇರಿಸಿಟ್ಟ ಹಾಗೆ ಚಪ್ಪಟೆ ಚೀಲಗಳಿವೆ, ಥೈಲಕಾಯ್ಡ್ ಅಂತ. ಅವುಗಳ ಪೊರೆಯಲ್ಲಿರುವ ಪತ್ರಹರಿತ್ತು ಬೆಳಕು ಹೀರಿ ಎಲೆಕ್ಟ್ರಾನ್ ಬಿಟ್ಟುಕೊಡುತ್ತೆ; ಆ ಖಾಲಿ ಜಾಗ ತುಂಬೋಕೆ ನೀರು ಒಡೆಯುತ್ತೆ, ಆಮ್ಲಜನಕ ಹೊರಬೀಳುತ್ತೆ. ಎಲೆಕ್ಟ್ರಾನ್ ಕೈಯಿಂದ ಕೈಗೆ ದಾಟುತ್ತಾ ಹೋದಂತೆ ಚೀಲದೊಳಗೆ ಪ್ರೋಟಾನ್‌ಗಳು ತುಂಬಿಕೊಳ್ಳುತ್ತವೆ, ಅಣೆಕಟ್ಟೆ ಹಿಂದೆ ನೀರು ನಿಂತ ಹಾಗೆ. ಅವು ಹೊರಗೆ ಹರಿಯುವಾಗ ಒಂದು ಪ್ರೋಟೀನ್ ಚಕ್ರ ನಿಜವಾಗಿಯೂ ತಿರುಗುತ್ತೆ, ಎಟಿಪಿ ತಯಾರಾಗುತ್ತೆ. ಆ ಶಕ್ತಿ ಬಳಸಿ ರುಬಿಸ್ಕೋ ಅನ್ನೋ ಕಿಣ್ವ ಮತ್ತದರ ಸಂಗಡಿಗರು ಗಾಳಿಯ ಇಂಗಾಲವನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚುತ್ತವೆ. ಕೆರೆಯ ನೀಲಿ-ಹಸಿರು ಪಾಚಿ, ಅಂದರೆ ಸಯನೋಬ್ಯಾಕ್ಟೀರಿಯದಲ್ಲೂ ಇದೇ ಯಂತ್ರ. ಬಿಡಿಭಾಗಗಳೂ ಹೆಚ್ಚು ಕಡಿಮೆ ಅವೇ.

ಆ ಹೋಲಿಕೆಯನ್ನು ಹಿಡಿದು ಅಡಿಟಿಪ್ಪಣಿಯನ್ನು ಪೂರ್ತಿ ಸಿದ್ಧಾಂತ ಮಾಡಿದವನು ರಷ್ಯಾದ ಕಾನ್‌ಸ್ಟಾಂಟಿನ್ ಮೆರೆಶ್ಕೋವ್‌ಸ್ಕಿ, 1905ರಲ್ಲಿ, ಕಜಾನ್ ಊರಿನಿಂದ. ಕ್ಲೋರೋಪ್ಲಾಸ್ಟ್ ಗಿಡದ ಅಂಗವೇ ಅಲ್ಲ, ಯಾವುದೋ ಕಾಲದಲ್ಲಿ ಒಳಗೆ ಬಂದು ಉಳಿದುಕೊಂಡ ಸಯನೋಬ್ಯಾಕ್ಟೀರಿಯ ಅಂತ ನೇರವಾಗಿ ಬರೆದ. ತಾನೇ ಒಡೆದು ಹೆಚ್ಚಾಗುತ್ತೆ, ನೋಡೋಕೆ ಸಯನೋಬ್ಯಾಕ್ಟೀರಿಯ ಥರ ಇದೆ, ಪಾಚಿಯನ್ನು ಮೈಯೊಳಗೆ ಸಾಕಿಕೊಂಡ ಪ್ರಾಣಿಗಳು ಈಗಲೂ ಇವೆ ಅನ್ನೋದು ಅವನ ವಾದ. ಸಿಂಹ ಬೇಟೆಯಾಡಬೇಕು, ತಾಳೆಮರ ಸುಮ್ಮನೆ ನಿಂತರೆ ಸಾಕು, ಯಾಕಂದರೆ ಮರದೊಳಗೆ ದುಡಿಯುವ ಹಸಿರು ಆಳುಗಳಿದ್ದಾವೆ ಅನ್ನೋ ಅರ್ಥದ ಮಾತು ಬರೆದದ್ದೂ ಇವನೇ.

ಆದರೆ ಇವನನ್ನು ನಾಯಕ ಮಾಡೋಕೆ ಆಗಲ್ಲ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ ಆರೋಪ ಹೊತ್ತು 1914ರಲ್ಲಿ ರಷ್ಯಾ ಬಿಟ್ಟು ಓಡಿದವನು. ಮನುಷ್ಯರ ತಳಿ ಶುದ್ಧೀಕರಣದ ವಿಚಾರ ಪ್ರತಿಪಾದಿಸಿದವನು. 1921ರಲ್ಲಿ ಜಿನೀವಾದ ಹೋಟೆಲೊಂದರಲ್ಲಿ ತಾನೇ ಜೀವ ಕಳೆದುಕೊಂಡ. ವಿಜ್ಞಾನದಲ್ಲೂ ಎಲ್ಲ ಸರಿ ಇರಲಿಲ್ಲ. ಕೋಶಕೇಂದ್ರ ಕೂಡ ಒಳಹೊಕ್ಕ ಬ್ಯಾಕ್ಟೀರಿಯ ಅಂದಿದ್ದ, ಅದು ನಿಲ್ಲಲಿಲ್ಲ. ಎರಡು ಹೇಳಿಕೆ, ಎರಡಕ್ಕೂ ಅದೇ ಧೈರ್ಯ, ಅದೇ ಥರದ ಹೋಲಿಕೆಯ ವಾದ. 1905ರಲ್ಲಿ ಕೂತು ಓದುವವನಿಗೆ ಯಾವುದು ಸರಿ, ಯಾವುದು ತಪ್ಪು ಅಂತ ಹೇಗೆ ಗೊತ್ತಾಗಬೇಕು?

ನಾಲ್ಕು ವರ್ಷದ ನಂತರ ಒಳ್ಳೆಯ ಸುಳಿವೊಂದು ಬಂತು, ಅದೂ ನಮ್ಮ ಹಿತ್ತಿಲಲ್ಲಿ ಬೆಳೆಯೋ ಸಂಜೆಮಲ್ಲಿಗೆ ಗಿಡದಿಂದ. ಮೆಂಡೆಲ್ ನಿಯಮಗಳನ್ನು 1900ರಲ್ಲಿ ಮತ್ತೆ ಬೆಳಕಿಗೆ ತಂದ ಮೂವರಲ್ಲಿ ಒಬ್ಬರಾದ ಕಾರ್ಲ್ ಕೊರೆನ್ಸ್, ಎಲೆಯಲ್ಲಿ ಬಿಳಿ ಹಸಿರು ಮಚ್ಚೆ ಇರುವ ಸಂಜೆಮಲ್ಲಿಗೆ ತಳಿಯನ್ನು ಅಡ್ಡಹಾಯಿಸಿ ನೋಡಿದರು. ಆ ಗಿಡದಲ್ಲಿ ಕೆಲವು ಕೊಂಬೆ ಪೂರ್ತಿ ಹಸಿರು, ಕೆಲವು ಪೂರ್ತಿ ಬಿಳಿ, ಕೆಲವು ಮಚ್ಚೆ. ಪರಾಗ ಯಾವ ಕೊಂಬೆಯಿಂದ ತಂದರೂ ವ್ಯತ್ಯಾಸವಿಲ್ಲ. ಬೀಜ ಕಟ್ಟಿದ ಹೂವು ಬಿಳಿ ಕೊಂಬೆಯದಾದರೆ ಸಸಿಗಳು ಬಿಳಿ (ಪಾಪ, ಊಟವಿಲ್ಲದೆ ಬೇಗ ಸಾಯ್ತವೆ), ಹಸಿರು ಕೊಂಬೆಯದಾದರೆ ಹಸಿರು. ಎಲ್ಲ ತಾಯಿಯ ಕಡೆಯಿಂದ. ಮೆಂಡೆಲ್ ಲೆಕ್ಕಕ್ಕೆ ಇದು ಸಿಗಲ್ಲ. ಅದೇ 1909ರಲ್ಲಿ ಎರ್ವಿನ್ ಬೌರ್ ಅನ್ನೋರು ಪೆಲಾರ್ಗೋನಿಯಮ್ ಗಿಡದಲ್ಲಿ ಇಂಥದ್ದೇ ವಿಚಿತ್ರ ನೋಡಿ, ಆನುವಂಶಿಕ ಗುಣ ಕ್ಲೋರೋಪ್ಲಾಸ್ಟ್‌ನಲ್ಲೇ ಇದೆ ಅನ್ನೋ ಕಡೆಗೆ ಬೆರಳು ತೋರಿಸಿದರು. ಶಿಂಪರ್ ಹಾಕಿದ್ದ ಷರತ್ತಿಗೂ ಇದು ಹೊಂದುತ್ತೆ: ಕಣಗಳು ಅಂಡಕೋಶದ ಮೂಲಕವೇ ದಾಟಿ ಬರ್ತಿವೆ.

ಇಷ್ಟಿದ್ದೂ ಜನ ಒಪ್ಪಲಿಲ್ಲ ಯಾಕೆ? ಅಮೆರಿಕದ ಇ. ಬಿ. ವಿಲ್ಸನ್ 1925ರಲ್ಲಿ ತಮ್ಮ ಪ್ರಸಿದ್ಧ ಪಠ್ಯಪುಸ್ತಕದಲ್ಲಿ, ಇಂಥ ಊಹೆ ಸಭ್ಯ ಜೀವವಿಜ್ಞಾನಿಗಳ ನಡುವೆ ಎತ್ತುವಂಥದ್ದಲ್ಲ ಅಂತ ಬರೆದದ್ದನ್ನು ಎಲ್ಲರೂ ತೋರಿಸ್ತಾರೆ. ಆದರೆ ಮುಂದೊಂದು ದಿನ ಇದನ್ನು ಗಂಭೀರವಾಗಿ ಯೋಚಿಸಬೇಕಾಗಿ ಬಂದರೂ ಬರಬಹುದು ಅಂತ ಬಾಗಿಲನ್ನು ಅರ್ಧ ತೆರೆದಿಟ್ಟದ್ದೂ ಅದೇ ವಿಲ್ಸನ್. ಆ ಭಾಗವನ್ನು ಯಾರೂ ಹೇಳಲ್ಲ. ಎರಡೇ ವರ್ಷಕ್ಕೆ ಕೊಲರಾಡೋದ ಐವನ್ ವಾಲಿನ್ ಪುಸ್ತಕ ತಂದರು. ಅವರ ವಿಷಯ ಮೈಟೋಕಾಂಡ್ರಿಯ. ಅವು ಬ್ಯಾಕ್ಟೀರಿಯಗಳೇ, ನಾನು ಅವನ್ನು ಜೀವಕೋಶದಿಂದ ಹೊರಗೆ ತೆಗೆದು ಬೆಳೆಸಿದ್ದೇನೆ ಅಂದರು. ಉಳಿದವರು ನೋಡಿ, ನೀವು ಬೆಳೆಸಿದ್ದು ಹೊರಗಿಂದ ಸೇರಿಕೊಂಡ ಮಾಮೂಲಿ ಬ್ಯಾಕ್ಟೀರಿಯ ಅಂದರು. ಮೈಟೋಕಾಂಡ್ರಿಯ ಬ್ಯಾಕ್ಟೀರಿಯದಿಂದ ಬಂದದ್ದು ಅನ್ನೋದು ನಿಜವೇ, ಆದರೆ ವಾಲಿನ್ ತೋರಿಸಿದ ಪುರಾವೆ ಕಳಪೆ. ಆ ಪುರಾವೆಯನ್ನು ತಳ್ಳಿದವರು ಸರಿಯಾದ ಕೆಲಸವನ್ನೇ ಮಾಡಿದರು. ಕಾನ್‌ಕ್ಲೂಷನ್ ಸರಿ ಇದೆ ಅಂತ ಟೆಸ್ಟ್ ಫೇಲ್ ಆದ ಕೋಡನ್ನು ನಾವು ಒಪ್ಪಿಕೊಳ್ತೀವಾ?

1948ರಲ್ಲಿ ಸಿಕ್ಕಿದ ಸುಳಿವು ಬಂದದ್ದು ಔಷಧಿಯ ಕಡೆಯಿಂದ. ಕ್ಷಯಕ್ಕೆ ಸ್ಟ್ರೆಪ್ಟೋಮೈಸಿನ್ ಆಗತಾನೇ ಬಂದಿತ್ತು. ಅದನ್ನು ಕಂಡುಹಿಡಿಯುವುದರಲ್ಲಿ ಪಾಲಿದ್ದ ಆಲ್ಬರ್ಟ್ ಶಾಟ್ಜ್, ಪ್ರೊವಾಸೋಲಿ ಮತ್ತು ಹಟ್ನರ್ ಸೇರಿ, ಯುಗ್ಲೀನಾ ಅನ್ನೋ ಹಸಿರು ಏಕಕೋಶ ಜೀವಿಗೆ ಈ ಔಷಧಿ ಹಾಕಿದರು. ಯುಗ್ಲೀನಾ ಸಾಯಲಿಲ್ಲ, ಬಿಳಿಚಿಕೊಂಡಿತು. ಔಷಧಿ ತೆಗೆದ ಮೇಲೂ, ಅದರ ಮಕ್ಕಳು ಮೊಮ್ಮಕ್ಕಳೂ ಬಿಳಿಯಾಗೇ ಉಳಿದವು. ಬ್ಯಾಕ್ಟೀರಿಯ ಕೊಲ್ಲೋ ಔಷಧಿ ಜೀವಕೋಶವನ್ನು ಬಿಟ್ಟು ಅದರೊಳಗಿನ ಹಸಿರನ್ನು ಮಾತ್ರ ಹಿಡಿದಿತ್ತು. ಈ ವಿಷಯ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

1962ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹಾನ್ಸ್ ರಿಸ್ ಮತ್ತು ವಾಲ್ಟರ್ ಪ್ಲಾಟ್, ಕ್ಲಾಮಿಡೋಮೊನಾಸ್ ಅನ್ನೋ ಪಾಚಿಯ ಕ್ಲೋರೋಪ್ಲಾಸ್ಟ್ ಒಳಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಎಳೆಗಳನ್ನು ಕಂಡರು. ಡಿಎನ್‌ಎ ಕರಗಿಸೋ ಕಿಣ್ವ ಹಾಕಿದರೆ ಆ ಎಳೆಗಳು ಮಾಯ. ಅಂದರೆ ಅವು ಡಿಎನ್‌ಎ, ನೋಡೋಕೆ ಬ್ಯಾಕ್ಟೀರಿಯದ ಡಿಎನ್‌ಎ ಥರ. ಅಲ್ಲಿ ಎಂ.ಎಸ್. ಓದಿ ಹೋದ ವಿದ್ಯಾರ್ಥಿನಿ ಲಿನ್ ಸೇಗನ್, ಮುಂದೆ ಲಿನ್ ಮಾರ್ಗುಲಿಸ್, 1967ರಲ್ಲಿ ಎಲ್ಲ ಸುಳಿವುಗಳನ್ನು ಒಟ್ಟು ಸೇರಿಸಿ ಉದ್ದನೆಯ ಪ್ರಬಂಧ ಪ್ರಕಟಿಸಿದರು. ಅವರೇ ಹೇಳಿಕೊಂಡ ಪ್ರಕಾರ ಸುಮಾರು ಹದಿನೈದು ಪತ್ರಿಕೆಗಳು ಅದನ್ನು ವಾಪಸ್ ಕಳಿಸಿದ್ದವು.

ಈ ಹದಿನೈದು ನಿರಾಕರಣೆಯ ಕಥೆ ಬಹಳ ಜನಪ್ರಿಯ. ಅದಕ್ಕೆ ಅವರ ಹಟ ಮೆಚ್ಚಬೇಕು, ನಿಜ. ಆದರೆ ಎದುರು ಪಕ್ಷದಲ್ಲಿ ಇದ್ದೋರು ದಡ್ಡರಲ್ಲ. ಅವರ ವಾದ ಹೀಗಿತ್ತು: ಕ್ಲೋರೋಪ್ಲಾಸ್ಟ್‌ನಲ್ಲಿ ಡಿಎನ್‌ಎ ಇದ್ದರೆ ಅದು ಹೊರಗಿಂದಲೇ ಯಾಕೆ ಬರಬೇಕು? ಕೋಶಕೇಂದ್ರದ ಡಿಎನ್‌ಎಯದೇ ಒಂದು ತುಂಡು ಹಿಂದೆಂದೋ ಕಳಚಿ, ಪೊರೆಯೊಳಗೆ ಸೇರಿಕೊಂಡು, ಬೇರೆ ಸಂಸಾರ ಹೂಡಿರಬಾರದಾ? ಬ್ಯಾಕ್ಟೀರಿಯದ ಹೋಲಿಕೆ ಹಳೇ ಕಾಲದ ಗುಣ ಉಳಿದುಕೊಂಡದ್ದು ಅಷ್ಟೇ ಆಗಿರಬಾರದಾ? 1967ರಲ್ಲಿ ಈ ಪ್ರಶ್ನೆಗೆ ಮಾರ್ಗುಲಿಸ್ ಹತ್ತಿರ ಖಚಿತ ಉತ್ತರ ಇರಲಿಲ್ಲ. ಯಾರ ಹತ್ತಿರವೂ ಇರಲಿಲ್ಲ.

ಉತ್ತರ ಸಿಕ್ಕಿದ್ದು ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ. ಲಿಂಡಾ ಬೋನೆನ್, ಕಾರ್ಲ್ ವೋಸ್ ಅವರ ಇಲಿನಾಯ್ ಲ್ಯಾಬಿನಲ್ಲಿ ಆರ್‌ಎನ್‌ಎ ಓದುವ ಕೆಲಸ ಕಲಿತು ಬಂದವರು. ಅವರು ಮತ್ತು ಫೋರ್ಡ್ ಡೂಲಿಟಲ್ ಪೋರ್ಫಿರಿಡಿಯಮ್ ಅನ್ನೋ ಕೆಂಪು ಪಾಚಿ ತೆಗೆದುಕೊಂಡರು. ಪ್ರತಿ ಜೀವಿಯಲ್ಲೂ ಪ್ರೋಟೀನ್ ತಯಾರಿಸೋ ರೈಬೋಸೋಮ್ ಇರುತ್ತೆ, ಅದರ ಆರ್‌ಎನ್‌ಎ ತಲೆಮಾರುಗಳಲ್ಲಿ ಬಹಳ ನಿಧಾನ ಬದಲಾಗುತ್ತೆ. ಕ್ಲೋರೋಪ್ಲಾಸ್ಟ್‌ಗೆ ತನ್ನದೇ ರೈಬೋಸೋಮ್ ಇದೆ, ಸುತ್ತಲಿನ ಜೀವಕೋಶಕ್ಕೆ ಬೇರೆಯದಿದೆ. ಈಗ ಪಂದ್ಯ ಸರಳ. ಡಿಎನ್‌ಎ ಕೋಶಕೇಂದ್ರದಿಂದ ಕಳಚಿದ್ದಾದರೆ ಕ್ಲೋರೋಪ್ಲಾಸ್ಟ್‌ನ ಆರ್‌ಎನ್‌ಎ ತನ್ನದೇ ಜೀವಕೋಶದ ಆರ್‌ಎನ್‌ಎಗೆ ಹತ್ತಿರ ಇರಬೇಕು. ಹೊರಗಿಂದ ಬಂದದ್ದಾದರೆ ಬ್ಯಾಕ್ಟೀರಿಯಕ್ಕೆ ಹತ್ತಿರ ಇರಬೇಕು.

ಆಗ ಪೂರ್ತಿ ಆರ್‌ಎನ್‌ಎ ಓದೋದು ಕಷ್ಟದ ಕೆಲಸ. ಪಾಚಿಗೆ ವಿಕಿರಣಶೀಲ ರಂಜಕ ಉಣ್ಣಿಸಿ ಬೆಳೆಸೋದು, ಆರ್‌ಎನ್‌ಎ ತೆಗೆದು 'ಜಿ' ಅಕ್ಷರ ಬಂದಲ್ಲೆಲ್ಲ ಕತ್ತರಿಸೋ ಕಿಣ್ವ ಹಾಕೋದು, ಚೂರುಗಳನ್ನು ಹರಡಿ ಎಕ್ಸ್‌ರೇ ಫಿಲ್ಮ್ ಮೇಲೆ ಚುಕ್ಕೆಗಳಾಗಿ ಮೂಡಿಸೋದು, ಒಂದೊಂದು ಚುಕ್ಕೆಯ ಅಕ್ಷರ ಕ್ರಮ ಪತ್ತೆ ಹಚ್ಚೋದು. ಕೊನೆಗೆ ಸಿಗೋದು ಚೂರುಗಳ ಪಟ್ಟಿ. ಎರಡು ದೊಡ್ಡ ಫೈಲ್‌ಗಳನ್ನು ಸಾಲು ಸಾಲು ಹೋಲಿಸೋಕೆ ಆಗದಿದ್ದಾಗ ತುಂಡುಗಳ ಹ್ಯಾಶ್ ಪಟ್ಟಿ ಹೋಲಿಸ್ತೀವಲ್ಲ, ಅದೇ ಉಪಾಯ. ಕ್ಲೋರೋಪ್ಲಾಸ್ಟ್ ಪಟ್ಟಿ ತನ್ನ ಜೀವಕೋಶದ ಪಟ್ಟಿಗೆ ಹೊಂದಲಿಲ್ಲ, ಬ್ಯಾಕ್ಟೀರಿಯಗಳ ಕಡೆಗೆ ಹೊಂದಿತು. ಅದೇ 1975ರಲ್ಲಿ ಯುಗ್ಲೀನಾದ ಕ್ಲೋರೋಪ್ಲಾಸ್ಟ್‌ಗೂ ಇಲಿನಾಯ್‌ನಿಂದ ಅದೇ ಉತ್ತರ ಬಂತು.

ಹೀಗಿದ್ದೂ ಡೂಲಿಟಲ್ ಡಂಗುರ ಹೊಡೆಯಲಿಲ್ಲ. 1982ರಲ್ಲಿ ಮೈಕಲ್ ಗ್ರೇ ಜೊತೆ ಬರೆದ ಸಮೀಕ್ಷೆಯ ಶೀರ್ಷಿಕೆಯೇ ಒಂದು ಪ್ರಶ್ನೆ: ಈ ಸಿದ್ಧಾಂತ ಸಾಬೀತಾಗಿದೆಯೇ? ಕ್ಲೋರೋಪ್ಲಾಸ್ಟ್ ಮಟ್ಟಿಗೆ ಹೌದು ಅನ್ನೋದು ಅವರ ತೀರ್ಮಾನ. ಮಾರ್ಗುಲಿಸ್ ಅವರ ಇನ್ನೊಂದು ಪ್ರಿಯ ವಾದ, ಜೀವಕೋಶದ ಬಾಲಗಳು ಸುರುಳಿ ಬ್ಯಾಕ್ಟೀರಿಯದಿಂದ ಬಂದವು ಅನ್ನೋದು, ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಕೊನೆಗಾಲದಲ್ಲಿ ಏಡ್ಸ್‌ಗೆ ಎಚ್‌ಐವಿ ಕಾರಣ ಅನ್ನೋದನ್ನೂ ಅವರು ಪ್ರಶ್ನಿಸಿದರು, ಅದು ತಪ್ಪು ಮಾತು. ಅದೇ ಹಟ, ಅದೇ ಧೈರ್ಯ ಅಲ್ಲೂ ಇತ್ತು. ಇಲ್ಲದ್ದು ಬೋನೆನ್ ಕೊಟ್ಟಂಥ ಚೂರುಗಳ ಪಟ್ಟಿ.

1986ರಲ್ಲಿ ಜಪಾನಿನ ಎರಡು ತಂಡಗಳು ಕ್ಲೋರೋಪ್ಲಾಸ್ಟ್‌ನ ಡಿಎನ್‌ಎ ಪೂರ್ತಿ ಓದಿದವು, ಒಂದು ಹೊಗೆಸೊಪ್ಪಿನದು, ಇನ್ನೊಂದು ಮಾರ್ಕಾಂಷಿಯ ಅನ್ನೋ ಹಾವಸೆ ಜಾತಿಯ ಗಿಡದ್ದು. ಹೊಗೆಸೊಪ್ಪಿನದು ಸುಮಾರು 1.56 ಲಕ್ಷ ಅಕ್ಷರ, ನೂರು ಚಿಲ್ಲರೆ ಜೀನ್. ಹೊರಗೆ ಸ್ವತಂತ್ರವಾಗಿರೋ ಸಯನೋಬ್ಯಾಕ್ಟೀರಿಯದಲ್ಲಿ ಸಾವಿರಾರು ಜೀನ್ ಇರ್ತವೆ. ಉಳಿದವೆಲ್ಲ ಎಲ್ಲಿ ಹೋದವು? ಬೇಡವಾದವು ಕಳೆದುಹೋದವು, ಬಹಳಷ್ಟು ಗಿಡದ ಕೋಶಕೇಂದ್ರಕ್ಕೆ ವರ್ಗವಾದವು. ಈಗ ಕ್ಲೋರೋಪ್ಲಾಸ್ಟ್‌ಗೆ ಬೇಕಾದ ಹೆಚ್ಚಿನ ಪ್ರೋಟೀನ್‌ಗಳು ಹೊರಗೆ ತಯಾರಾಗಿ, ವಿಳಾಸದ ಚೀಟಿ ಅಂಟಿಸಿಕೊಂಡು, ಪೊರೆಯ ಬಾಗಿಲು ದಾಟಿ ಒಳಗೆ ಬರ್ತವೆ. ಒಳಗೆ ಬಂದ ಮೇಲೆ ಚೀಟಿ ಕತ್ತರಿಸಲಾಗುತ್ತೆ. ರುಬಿಸ್ಕೋ ಕಥೆಯಂತೂ ತಮಾಷೆ. ಗಿಡಗಳಲ್ಲಿ ಅದರ ದೊಡ್ಡ ತುಣುಕಿನ ಜೀನ್ ಕ್ಲೋರೋಪ್ಲಾಸ್ಟ್ ಹತ್ತಿರವೇ ಇದೆ, ಚಿಕ್ಕ ತುಣುಕಿನದು ಕೋಶಕೇಂದ್ರದಲ್ಲಿ. ಎರಡು ಕಡೆಯ ಸಾಮಾನು ಸೇರದೆ ಒಂದು ತುತ್ತು ಸಕ್ಕರೆಯೂ ಇಲ್ಲ. ಈ ವರ್ಗಾವಣೆ ಮುಗಿದ ಕಥೆಯೂ ಅಲ್ಲ. 2003ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಹೊಗೆಸೊಪ್ಪಿನ ಕ್ಲೋರೋಪ್ಲಾಸ್ಟ್‌ಗೆ ಗುರುತಿನ ಜೀನ್ ಒಂದನ್ನು ಇಟ್ಟು ಎಣಿಸಿದಾಗ, ಸುಮಾರು 16,000 ಪರಾಗ ಕಣಗಳಿಗೆ ಒಂದರಲ್ಲಿ ಅದು ಕೋಶಕೇಂದ್ರಕ್ಕೆ ಜಿಗಿದಿತ್ತು.

ಇನ್ನು ಔಷಧಿಯ ವಿಷಯ. ನನ್ನ ಹಾಗೆ ಹೈದರಾಬಾದಿನಲ್ಲಿರೋರಿಗೆ ಬೇಗಂಪೇಟೆಯ ರೊನಾಲ್ಡ್ ರಾಸ್ ಕಟ್ಟಡ ಗೊತ್ತಿರಬಹುದು. ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ರಾಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡರು. ಆ ಪರೋಪಜೀವಿಯೊಳಗೆ ಒಂದು ದುಂಡನೆಯ ಡಿಎನ್‌ಎ ಇದೆ, ಸುಮಾರು 35,000 ಅಕ್ಷರದ್ದು. 1970ರ ದಶಕದಿಂದ ಬಹಳ ಕಾಲ ಅದನ್ನು ಮೈಟೋಕಾಂಡ್ರಿಯದ್ದು ಅಂತಲೇ ಅಂದುಕೊಂಡಿದ್ದರು. ಅಕ್ಷರ ಓದಿ ನೋಡಿದರೆ ಅದು ಕ್ಲೋರೋಪ್ಲಾಸ್ಟ್ ಡಿಎನ್‌ಎ ಥರ ಇತ್ತು! 1996ರಲ್ಲಿ ಮೆಲ್ಬರ್ನ್‌ನ ಜೆಫ್ ಮೆಕ್‌ಫ್ಯಾಡನ್ ಮತ್ತು ಸಂಗಡಿಗರು ಇಂಥ ಪರೋಪಜೀವಿಗಳಲ್ಲಿ ಅದು ಪೊರೆಗಳಿಂದ ಸುತ್ತುವರಿದ ಪುಟ್ಟ ಅಂಗವೊಂದರಲ್ಲಿ ಇರೋದನ್ನು ತೋರಿಸಿದರು. ಪೊರೆಗಳು ನಾಲ್ಕು, ಯಾಕಂದರೆ ಇದು ಡಬ್ಬಿಯೊಳಗಿನ ಡಬ್ಬಿ: ಸಯನೋಬ್ಯಾಕ್ಟೀರಿಯವನ್ನು ನುಂಗಿದ ಕೆಂಪು ಪಾಚಿಯ ವಂಶವನ್ನು ಮಲೇರಿಯಾದ ಪೂರ್ವಜ ನುಂಗಿತ್ತು. ಈಗ ಹಸಿರಿಲ್ಲ, ಬೆಳಕಿನ ಕೆಲಸವೂ ಇಲ್ಲ. ಆದರೆ ನಮ್ಮ ರಕ್ತದಲ್ಲಿರುವಾಗ ಪರೋಪಜೀವಿಗೆ ಅದು ತಯಾರಿಸಿಕೊಡುವ ಒಂದು ರಾಸಾಯನಿಕ ಬೇಕೇ ಬೇಕು. ಆ ರಾಸಾಯನಿಕವನ್ನು ಹೊರಗಿಂದ ಕೊಟ್ಟರೆ ಪರೋಪಜೀವಿ ಈ ಅಂಗವಿಲ್ಲದೆಯೂ ಬದುಕುತ್ತೆ ಅಂತ 2011ರಲ್ಲಿ ಪ್ರಯೋಗದಿಂದ ಗೊತ್ತಾಯಿತು.

ಡಾಕ್ಸಿಸೈಕ್ಲಿನ್ ಬ್ಯಾಕ್ಟೀರಿಯಕ್ಕೆ ಕೊಡೋ ಮಾತ್ರೆ. ಮಲೇರಿಯಾ ಪ್ರದೇಶಕ್ಕೆ ಪ್ರವಾಸ ಹೋಗುವವರಿಗೂ ವೈದ್ಯರು ಅದನ್ನು ಬರೆದುಕೊಡೋದುಂಟು. ಮಲೇರಿಯಾ ಬ್ಯಾಕ್ಟೀರಿಯ ಅಲ್ಲವಲ್ಲ, ಮತ್ತೆ ಹೇಗೆ ಕೆಲಸ ಮಾಡುತ್ತೆ ಅಂದರೆ, 1948ರಲ್ಲಿ ಯುಗ್ಲೀನಾಗೆ ಆದದ್ದರ ಜಾಡಿನಲ್ಲೇ: ಒಳಗಿನ ಆ ಹಳೇ ಬ್ಯಾಕ್ಟೀರಿಯದ ರೈಬೋಸೋಮನ್ನು ಅದು ತಡೆಯುತ್ತೆ. ಪರೋಪಜೀವಿ ತಕ್ಷಣ ಸಾಯಲ್ಲ, ಅದರ ಮುಂದಿನ ತಲೆಮಾರು ಸಾಯುತ್ತೆ.

ಶಿಂಪರ್ ಬಗ್ಗೆ ಒಂದು ಮಾತು ಉಳಿಯಿತು. ಅವರು ಮುಂದೆ ಬ್ರೆಜಿಲ್, ಸಿಲೋನ್, ಜಾವಾ ಸುತ್ತಿ ದೊಡ್ಡ ಸಸ್ಯಶಾಸ್ತ್ರಜ್ಞರಾದರು. ಉಷ್ಣವಲಯದ ಮಳೆಕಾಡು ಅನ್ನೋ ಹೆಸರು ಅವರದೇ ಕೊಡುಗೆ. ಹಸಿರು ಕಣದ ಅಡಿಟಿಪ್ಪಣಿಯನ್ನು ಮಾತ್ರ ದೊಡ್ಡದು ಮಾಡೋಕೆ ಹೋಗಲಿಲ್ಲ. 1898–99ರಲ್ಲಿ ವಾಲ್ಡಿವಿಯಾ ಹಡಗಿನ ಸಮುದ್ರಯಾನಕ್ಕೆ ಹೋದಾಗ ಆಫ್ರಿಕಾದಲ್ಲಿ ಅವರಿಗೆ ಮಲೇರಿಯಾ ತಗುಲಿತು. ಆರೋಗ್ಯ ಮತ್ತೆ ಸುಧಾರಿಸಲಿಲ್ಲ. 1901ರಲ್ಲಿ ಬಾಸೆಲ್‌ನಲ್ಲಿ ತೀರಿಕೊಂಡಾಗ ಅವರಿಗೆ 45 ವರ್ಷ.